ನನ್ನ ಕೆಲಸಕ್ಕೂ ನಾದಿನಿಯ ಫೇಸ್‌ಬುಕ್‌ಗೂ ಏನು ಸಂಬಂಧ?

ಬೆಂಗಳೂರಿನಲ್ಲಿ ಪೇರೋಲ್ ಕೆಲಸ ಮಾಡಿಕೊಂಡಿದ್ದವಳು ನಾನು. ಜನರ ತಿಂಗಳ ಸಂಬಳ ಲೆಕ್ಕ ಹಾಕೋದು, ಪಿಎಫ್, ಇಎಸ್‌ಐ (ನೌಕರರ ವಿಮೆ), ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಹಿಡಿದು ಕಟ್ಟಬೇಕಾದ ಕಡೆ ಕಟ್ಟೋದು. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದೆ. ಅವಳು ಪ್ಲೇಹೋಮಿಗೆ ಹೊಂದಿಕೊಂಡ ಮೇಲೆ, 2025ರ ಕೊನೆಯಲ್ಲಿ, ಮತ್ತೆ ಹುಡುಕೋಕೆ ಶುರು ಮಾಡಿದೆ. ರೆಸ್ಯೂಮೆಯ ನಡುವಿನ ಖಾಲಿ ಜಾಗಕ್ಕೆ ಮನೆಯ ಕಾರಣ ಎಂದಷ್ಟೇ ಬರೆದೆ. ಮಗುವಿನ ವಿಷಯ ಎತ್ತಲಿಲ್ಲ. ಮುಚ್ಚಿಡಬೇಕು ಅಂತೇನಲ್ಲ. ಸಂಬಳದ ಲೆಕ್ಕ ಹಾಕೋಕೆ ಅದು ಬೇಕಿರಲಿಲ್ಲ, ಅಷ್ಟೆ.

ಈ ಹುಡುಕಾಟದಲ್ಲಿ ಎರಡು ಕಂಪನಿಗಳು ನನ್ನ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಲ್ಲ ಜಾಲಾಡಿದವು. ಒಂದು ನನಗೆ ಹೇಳದೆ ನೋಡಿತು. ಇನ್ನೊಂದು ಸಹಿ ಹಾಕಿಸಿಕೊಂಡು ನೋಡಿತು. ನಾನು ನಿದ್ದೆಗೆಟ್ಟಿದ್ದು ಎರಡನೆಯದಕ್ಕೆ. ಪೆಟ್ಟು ಬಿದ್ದಿದ್ದು ಮಾತ್ರ ಮೊದಲನೆಯದರಿಂದ ಅಂತ ನನ್ನ ಲೆಕ್ಕ.

ಮೊದಲನೆಯದು ಮಧ್ಯಮ ಗಾತ್ರದ ಒಂದು ಕಂಪನಿ. ಹೆಸರು ಬೇಡ. ಕೊನೆಯ ಸುತ್ತಿನ ಇಂಟರ್‌ವ್ಯೂ ವಿಡಿಯೊ ಕಾಲ್‌ನಲ್ಲಿ. ಕೆಲಸದ ಪ್ರಶ್ನೆಗಳು ಸಲೀಸಾಗಿ ಮುಗಿದವು. ನೌಕರನ ಸಂಬಳ ನಡುವೆ ಇಎಸ್‌ಐ ಮಿತಿಯಾದ ತಿಂಗಳಿಗೆ 21,000 ರೂಪಾಯಿ ದಾಟಿದರೆ ಏನು ಮಾಡ್ತೀರಿ ಎಂದು ಕೇಳಿದರು. ಆ ಕಂತಿನ ಅವಧಿ ಮುಗಿಯುವವರೆಗೆ ಕಟ್ಟುತ್ತಲೇ ಇರಬೇಕು ಎಂದೆ. ಮ್ಯಾನೇಜರ್ ತಲೆಯಾಡಿಸಿದರು. ಆಮೇಲೆ ಎಚ್‌ಆರ್ ಮೇಡಂ ನಗುತ್ತಾ, "ಪಾಪು ಇನ್ನೂ ಚಿಕ್ಕದಲ್ವಾ? ಮನೇಲಿ ನೋಡ್ಕೊಳ್ಳೋಕೆ ಯಾರಿದ್ದಾರೆ?" ಎಂದರು. ಅತ್ತೆ ಇದ್ದಾರೆ ಎಂದೆ. "ಎರಡನೇದು ಪ್ಲ್ಯಾನ್ ಏನಾದ್ರೂ ಇದ್ಯಾ?" ಎಂದು ಇನ್ನೂ ನಕ್ಕರು. ಮುಜುಗರಕ್ಕೆ ನಾನೂ ನಕ್ಕೆ. ಕಾಲ್ ಕಟ್ ಆದ ಮೇಲೆ ಹೊಳೆಯಿತು, ಪಾಪು ಇರೋದು ಇವರಿಗೆ ಹೇಳಿದವರು ಯಾರು?

ಸ್ವಲ್ಪ ದಿನದ ಮೇಲೆ ಮೇಲ್ ಬಂತು. ಪೊಸಿಷನ್ ಹೋಲ್ಡ್‌ನಲ್ಲಿದೆಯಂತೆ. ಜಾಬ್ ಸೈಟಿನಲ್ಲಿ ಅದೇ ಜಾಹೀರಾತು ಕದಲದೆ ಕೂತಿತ್ತು.

ಅವತ್ತು ರಾತ್ರಿ ನನ್ನ ಹೆಸರು, ಊರು ಹಾಕಿ ಹುಡುಕಿದೆ. ನನ್ನ ಫೇಸ್‌ಬುಕ್ ಲಾಕ್ ಆಗಿತ್ತು. 2020ರಲ್ಲಿ ಫೇಸ್‌ಬುಕ್ ನಮ್ಮ ದೇಶದಲ್ಲಿ ಪ್ರೊಫೈಲ್ ಲಾಕ್ ಸೌಲಭ್ಯ ತಂದಾಗಲೇ ಹಾಕಿಕೊಂಡಿದ್ದೆ. ಆದರೆ ನಾದಿನಿ ಹಾಕಿದ ಒಂದು ಆಲ್ಬಂ ಇತ್ತು. "ಅತ್ತಿಗೆ ಸೀಮಂತ" ಅಂತ ಹೆಸರು. ಹಸಿರು ಸೀರೆ, ಎರಡೂ ಕೈ ತುಂಬ ಬಳೆ, ಹಿಂದೆ ಛತ್ರದ ಬೋರ್ಡು, ಪಕ್ಕದಲ್ಲಿ ಮನೆಯ ಪುರೋಹಿತರು. ಪ್ರತಿ ಫೋಟೊಗೂ ನನ್ನ ಪೂರ್ತಿ ಹೆಸರು ಟ್ಯಾಗ್. ಪ್ರಪಂಚಕ್ಕೆಲ್ಲ ತೆರೆದಿಟ್ಟ ಆಲ್ಬಂ. ಮಗು ಯಾವಾಗ ಹುಟ್ಟಿತು, ನಾವು ಯಾವ ಜನ, ಯಾವ ಮನೆದೇವರ ಒಕ್ಕಲು, ಎಲ್ಲ ಅದರಲ್ಲೇ ಸಿಗುತ್ತಿತ್ತು. ಇಂಟರ್‌ವ್ಯೂನಲ್ಲಿ ಬಾಯಿಬಿಟ್ಟು ಕೇಳೋಕೆ ನಾಚುವಂಥದ್ದೆಲ್ಲ ಅಲ್ಲಿ ಬಿಟ್ಟಿ ಸಿಗುತ್ತದೆ.

ಅದನ್ನು ನೋಡಿಯೇ ನನ್ನನ್ನು ಬಿಟ್ಟರು ಎಂದು ಸಾಬೀತು ಮಾಡೋಕೆ ನನ್ನ ಹತ್ತಿರ ಏನೂ ಇಲ್ಲ. ಬೇರೆ ಯಾರೋ ನನಗಿಂತ ಚೆನ್ನಾಗಿ ಉತ್ತರ ಕೊಟ್ಟಿರಬಹುದು. ಆದರೆ ಪೇರೋಲ್‌ನಲ್ಲಿ ಕೂತವಳಿಗೆ ಇದರ ಲೆಕ್ಕ ಚೆನ್ನಾಗಿ ಗೊತ್ತು. 2017ರ ತಿದ್ದುಪಡಿ ಆದ ಮೇಲೆ ಹೆರಿಗೆ ರಜೆ 26 ವಾರ. ಇಎಸ್‌ಐ ಮಿತಿ ಮೀರಿದ ಸಂಬಳದವರಿಗೆ ಆ ಆರು ತಿಂಗಳ ದುಡ್ಡು ಪೂರ್ತಿ ಕಂಪನಿಯ ಜೇಬಿನಿಂದಲೇ ಹೋಗಬೇಕು. 50 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಶಿಶುಪಾಲನಾ ಕೇಂದ್ರವೂ ಬೇಕು. ಕಾನೂನು ಒಳ್ಳೆಯದೇ. ಆದರೆ ಖರ್ಚನ್ನೆಲ್ಲ ಒಬ್ಬರ ತಲೆಗೇ ಕಟ್ಟಿದರೆ, ಅವರು ಬಾಗಿಲಲ್ಲೇ ಲೆಕ್ಕ ಹಾಕೋಕೆ ಶುರು ಮಾಡುತ್ತಾರೆ. ಲೆಕ್ಕ ಹಾಕೋಕೆ ಸೀಮಂತದ ಆಲ್ಬಂಗಿಂತ ಒಳ್ಳೆ ದಾಖಲೆ ಬೇಕಾ?

ಎರಡನೆಯದು ಅಮೆರಿಕದ ಒಂದು ಕಂಪನಿಯ ಬೆಂಗಳೂರು ಆಫೀಸು. ಈಗ ಎಲ್ಲರ ಬಾಯಲ್ಲೂ ಇರುವ ಜಿಸಿಸಿ (ಗ್ಲೋಬಲ್ ಕೇಪಬಿಲಿಟಿ ಸೆಂಟರ್). ಆಫರ್ ಲೆಟರ್ ಬಂತು, ಕೆಳಗೆ "ಬಿಜಿವಿಗೆ ಒಳಪಟ್ಟು" ಎಂಬ ಸಾಲು. ಈ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್, ಅಂದರೆ ಹಿನ್ನೆಲೆಯ ತಪಾಸಣೆ, ನನಗೆ ಹೊಸದಲ್ಲ. ತಪಾಸಣೆ ಮಾಡುವ ಏಜೆನ್ಸಿಯ ಲಿಂಕ್ ಬಂತು. ಆಧಾರ್, ಪ್ಯಾನ್, ಡಿಗ್ರಿ ಮಾರ್ಕ್ಸ್ ಕಾರ್ಡ್, ರಿಲೀವಿಂಗ್ ಲೆಟರ್, ಪೇಸ್ಲಿಪ್. ಎರಡು ಕಡೆ ಕೆಲಸ ಮಾಡ್ತಿದ್ದೀವಾ ಅಂತ ನೋಡೋಕೆ ಪಿಎಫ್‌ನ ಯುಎಎನ್ ನಂಬರು. ಮನೆ ಬಾಗಿಲ ಮುಂದೆ ನಿಂತು ಲೊಕೇಶನ್ ಆನ್ ಮಾಡಿ ಫೋಟೊ. ಎದುರು ಮನೆ ಆಂಟಿ ಇದನ್ನೆಲ್ಲ ಕುತೂಹಲದಿಂದ ನೋಡುತ್ತಿದ್ದರು.

ಕೊನೆಯ ಪುಟ ಮಾತ್ರ ಹೊಸದು. ಸೋಶಿಯಲ್ ಮೀಡಿಯಾ ಚೆಕ್‌ಗೆ ಒಪ್ಪಿಗೆ ಪತ್ರ. ನನ್ನ ಖಾತೆಗಳ ಹೆಸರು ಕೇಳಿದ್ದರು. ಪಾಸ್‌ವರ್ಡ್ ಕೇಳಿರಲಿಲ್ಲ, ಕೇಳುವುದೂ ಇಲ್ಲ ಎಂದು ಬರೆದಿದ್ದರು. ಹಾಗೆ ಬರೆಯಲು ಕಾರಣವಿದೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಜೈಲು ಇಲಾಖೆಯ ನೌಕರನೊಬ್ಬನ ಹತ್ತಿರ ಫೇಸ್‌ಬುಕ್ ಪಾಸ್‌ವರ್ಡ್ ಕೇಳಿದ್ದು ದೊಡ್ಡ ಗಲಾಟೆಯಾಗಿ, ಹಾಗೆ ಕೇಳಬಾರದು ಎಂದು 2012ರಲ್ಲಿ ಅಲ್ಲಿ ಕಾನೂನೇ ಬಂತು. ಆಮೇಲೆ ಬೇರೆ ರಾಜ್ಯಗಳೂ ಮಾಡಿದವು. ನನ್ನ ಪತ್ರದಲ್ಲಿ ಹಿಂದಿನ ಏಳು ವರ್ಷದ್ದು ನೋಡುತ್ತೇವೆ ಎಂದಿತ್ತು. ಏನು ನೋಡುತ್ತೇವೆ ಎಂಬುದೂ ಇತ್ತು: ಬೆದರಿಕೆ, ದ್ವೇಷದ ಮಾತು, ಅಶ್ಲೀಲ, ಮಾದಕ ವಸ್ತು, ಹಳೆಯ ಕಂಪನಿಯ ಗುಟ್ಟು ಹೊರಹಾಕಿದ್ದು, ಮತ್ತೆ ಹೇಳದೆ ನಡೆಸುವ ಬೇರೆ ದಂಧೆ. ರಾಜಕೀಯ ಅಭಿಪ್ರಾಯ ನಮಗೆ ಬೇಡ ಎಂದೂ ಒಂದು ಸಾಲು.

ಸಹಿ ಹಾಕೋಕೆ ಮುಂಚೆ ಮನೆಯಲ್ಲಿ ಸಭೆ. ನಮ್ಮನೆಯವರಿಗೆ ಕ್ರಿಕೆಟ್ ಹುಚ್ಚು. 2021ರಲ್ಲಿ ಇಂಗ್ಲೆಂಡಿನ ಆಲಿ ರಾಬಿನ್ಸನ್ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿದ ದಿನವೇ ಅವನ ಹಳೆಯ ಟ್ವೀಟ್‌ಗಳು ಹೊರಬಿದ್ದು, ಚೆನ್ನಾಗಿ ಬೌಲ್ ಮಾಡಿದರೂ ಸಸ್ಪೆಂಡ್ ಆದ ಕಥೆ ಹೇಳಿದರು. "ಹದಿನೆಂಟು ಹತ್ತೊಂಬತ್ತು ವಯಸ್ಸಲ್ಲಿ ಹಾಕಿದ್ದಂತೆ. ಎಲ್ಲ ಡಿಲೀಟ್ ಮಾಡಿಬಿಡು" ಎಂದರು. ಅದೇ ಹೊತ್ತಿಗೆ ನಮ್ಮ ಚಿಕ್ಕಪ್ಪನ ಮಗ ಅಮೆರಿಕದ ಎಚ್1ಬಿ ಕೆಲಸದ ವೀಸಾ ಸ್ಟ್ಯಾಂಪಿಂಗ್‌ಗೆ ಅಂತ ಊರಿಗೆ ಬಂದು ಸಿಕ್ಕಿಹಾಕಿಕೊಂಡಿದ್ದ. ಅಮೆರಿಕದವರು 2025ರ ಡಿಸೆಂಬರ್ 15ರಿಂದ ಎಚ್1ಬಿ, ಅವರ ಕುಟುಂಬದವರ ಎಚ್4 ವೀಸಾ ಅರ್ಜಿದಾರರೆಲ್ಲ ತಮ್ಮ ಪ್ರೊಫೈಲ್ ಪಬ್ಲಿಕ್ ಮಾಡಿಡಬೇಕು ಅಂದಿದ್ದರು. ಅವನು ಒಂದೊಂದಾಗಿ ಬೀಗ ತೆಗೆಯುತ್ತಿದ್ದ, ನಾನು ಒಂದೊಂದಾಗಿ ಹಾಕುತ್ತಿದ್ದೆ. ಒಂದೇ ಸೋಫಾದಲ್ಲಿ ಕೂತು. ಅತ್ತೆಗೆ ನಾವಿಬ್ಬರೂ ಮೊಬೈಲ್ ಚಟಕ್ಕೆ ಬಿದ್ದ ಹಾಗೆ ಕಂಡಿರಬೇಕು.

ಎಲ್ಲ ಅಳಿಸಬೇಕು ಎಂಬುದು ನನಗೆ ಒಪ್ಪಿಗೆಯಾಗಲಿಲ್ಲ. ಏನೂ ಇಲ್ಲದಿದ್ದರೆ ಅದೂ ಅನುಮಾನವೇ. ಅಮೆರಿಕದ ಕೆರಿಯರ್‌ಬಿಲ್ಡರ್ 2018ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಆನ್‌ಲೈನ್‌ನಲ್ಲಿ ಎಲ್ಲೂ ಸಿಗದವರನ್ನು ಇಂಟರ್‌ವ್ಯೂಗೆ ಕರೆಯೋದು ಕಡಿಮೆ ಎಂದು ಸುಮಾರು ಅರ್ಧದಷ್ಟು ಉದ್ಯೋಗದಾತರು ಹೇಳಿದ್ದರು. ಇದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ.

ಹಾಗಾಗಿ ಮೊದಲು ಏನಿದೆ ಅಂತ ನೋಡಿಕೊಂಡೆ. ಫೇಸ್‌ಬುಕ್‌ನಲ್ಲಿ ಆಕ್ಟಿವಿಟಿ ಲಾಗ್ ಅಂತ ಒಂದು ಜಾಗ ಇದೆ. ನಾವು ಒತ್ತಿದ ಲೈಕ್, ಹಾಕಿದ ಕಾಮೆಂಟ್, ಬೇರೆಯವರು ಮಾಡಿದ ಟ್ಯಾಗ್ ಎಲ್ಲ ವರ್ಷವಾರು ಇರುತ್ತದೆ. ಹಳೆಯ ಪೋಸ್ಟುಗಳನ್ನೆಲ್ಲ ಒಂದೇ ಸಲಕ್ಕೆ ಸ್ನೇಹಿತರಿಗಷ್ಟೇ ಕಾಣುವ ಹಾಗೆ ಮಾಡುವ ಆಯ್ಕೆಯೂ ಇದೆ. ಎಕ್ಸ್‌ನಲ್ಲಿ ನಮ್ಮ ಪೂರ್ತಿ ಆರ್ಕೈವ್ ಕೇಳಿದರೆ ಜಿಪ್ ಫೈಲ್ ಕಳಿಸುತ್ತಾರೆ, ತಕ್ಷಣ ಬರುವುದಿಲ್ಲ, ಕಾಯಬೇಕು. ಅಲ್ಲಿನ ಲೈಕ್‌ಗಳ ಚಿಂತೆ ಬೇಡ, 2024ರ ಜೂನ್‌ನಿಂದ ಅವು ಬೇರೆಯವರಿಗೆ ಕಾಣಲ್ಲ. ಕಾಲೇಜು ದಿನಗಳ ಆರ್ಕುಟ್ ನೆನಪಾಗಿ ಒಂದು ಕ್ಷಣ ಎದೆ ಧಸಕ್ ಎಂದಿತು. ಅದು 2014ರಲ್ಲೇ ಮುಚ್ಚಿಹೋಗಿದೆ. ಪುಣ್ಯ.

ನನ್ನದೇ ಹಳೆಯ ಪೋಸ್ಟುಗಳಲ್ಲಿ ಅಂಥದ್ದೇನೂ ಇರಲಿಲ್ಲ. ಹಬ್ಬ, ಒಬ್ಬಟ್ಟು, ಸಿಲ್ಕ್‌ಬೋರ್ಡ್ ಟ್ರಾಫಿಕ್ಕಿಗೆ ಶಾಪ. ಹೆಚ್ಚು ಸಮಯ ಹೋಗಿದ್ದು ಬೇರೆಯವರು ಹಾಕಿದ್ದನ್ನು ಬಿಡಿಸಿಕೊಳ್ಳೋದಕ್ಕೆ. ಇಲ್ಲಿ ಒಂದು ಗೊತ್ತಿರಬೇಕು: ಟ್ಯಾಗ್ ತೆಗೆದರೆ ನಮ್ಮ ಹೆಸರಿನ ಕೊಂಡಿ ಹೋಗುತ್ತದೆ, ಫೋಟೊ ಹೋಗಲ್ಲ. ಅದು ಹಾಕಿದವರ ಕೈಯಲ್ಲೇ ಇರುತ್ತದೆ. ನಾದಿನಿಗೆ ಫೋನ್ ಮಾಡಿದೆ.

"ಅಯ್ಯೋ ಅತ್ತಿಗೆ, ಇನ್ನೂರ ಮೂವತ್ತು ಲೈಕ್ ಬಂದಿದೆ ಅದಕ್ಕೆ!"

"ಇರಲಿ ಕಣೇ, ಫ್ರೆಂಡ್ಸ್‌ಗೆ ಮಾತ್ರ ಕಾಣೋ ಹಾಗೆ ಮಾಡು ಸಾಕು."

ಮಾಡಿದಳು. ಸ್ವಲ್ಪ ಮುನಿಸಿಕೊಂಡೇ ಮಾಡಿದಳು.

ಒಂದನ್ನು ಮಾತ್ರ ಬೇಕಂತಲೇ ಬಿಟ್ಟೆ. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಕಂಪನಿಗಳಲ್ಲಿ ಮೀಸಲಾತಿ ಕೊಡುವ ಮಸೂದೆಗೆ ನಮ್ಮ ಸಂಪುಟ ಒಪ್ಪಿಗೆ ಕೊಟ್ಟಿತ್ತು ಅಲ್ವಾ. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಉದ್ಯಮದವರು ಗಲಾಟೆ ಎಬ್ಬಿಸಿದರು, ಎರಡೇ ದಿನದಲ್ಲಿ ತಡೆಹಿಡಿದರು. ಆಗ ಒಂದು ಸುದ್ದಿಯ ಕೆಳಗೆ ನಾನು ಬರೆದಿದ್ದೆ: "ಇಲ್ಲಿನ ಜಾಗ ಬೇಕು, ನೀರು ಬೇಕು, ಕರೆಂಟು ಬೇಕು, ಇಲ್ಲಿನ ಮಕ್ಕಳು ಮಾತ್ರ ಬೇಡ. ಇಂಥ ಕಂಪನಿಗಳನ್ನ ಮೊದಲು ಆಚೆ ಹಾಕಿ." ಇವತ್ತು ಕೇಳಿದರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತೇನೆ. ಆ ಮಸೂದೆಯ ಬಗ್ಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಸಿ ಮತ್ತು ಡಿ ಹುದ್ದೆಗಳಲ್ಲಿ ಶೇ 100 ಎಂದು ಪೋಸ್ಟ್ ಹಾಕಿ ಆಮೇಲೆ ಅಳಿಸಿದರು. ಅವರು ಅಳಿಸಿದ್ದರ ಸ್ಕ್ರೀನ್‌ಶಾಟ್ ಎಲ್ಲ ಚಾನೆಲ್‌ನಲ್ಲೂ ಬಂತು. ನಾನು ಅಳಿಸಿ ಏನು ಸುಖ?

ಸಹಿ ಹಾಕಿದೆ. ಕಾದೆ. ನೋಟಿಸ್ ಪೀರಿಯಡ್ ಏನೂ ಇರಲಿಲ್ಲವಾದ್ದರಿಂದ ಕಾಯೋದು ಇನ್ನೂ ಕಷ್ಟ. ಕೈಯಲ್ಲಿ ಕೆಲಸ ಇದ್ದವರಿಗಾದರೆ ಬೇರೆ ಯೋಚನೆ ಇರುತ್ತದೆ.

ಕೊನೆಗೆ ಎಚ್‌ಆರ್ ಹುಡುಗ ಫೋನ್ ಮಾಡಿದ. "ಮ್ಯಾಮ್, ರಿಪೋರ್ಟ್ ಅಂಬರ್ ಬಂದಿದೆ. ಟೆನ್ಶನ್ ಮಾಡ್ಕೋಬೇಡಿ. ಕಾಪಿ ಮೇಲ್ ಮಾಡಿದ್ದೀನಿ, ನೋಡಿ ಉತ್ತರ ಬರೀರಿ." ಗ್ರೀನ್ ಅಂದರೆ ಎಲ್ಲ ಸರಿ, ರೆಡ್ ಅಂದರೆ ಹೋಯ್ತು, ಅಂಬರ್ ಅಂದರೆ ನಡುವೆ ನೇತಾಡೋದು. ಟೆನ್ಶನ್ ಮಾಡ್ಕೋಬೇಡಿ ಅಂದರೆ ಆಗುತ್ತದಾ?

ವರದಿ ತೆರೆದೆ. ಎರಡು ಗುರುತು ಹಾಕಿದ್ದರು.

ಒಂದು ಆ ಮಸೂದೆಯ ಕಾಮೆಂಟು. ರಾಜಕೀಯ ಬೇಡ ಅಂದವರು ಅದನ್ನು ದ್ವೇಷದ ಮಾತು ಎಂಬ ಪೆಟ್ಟಿಗೆಗೆ ಹಾಕಿದ್ದರು.

ಇನ್ನೊಂದನ್ನು ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹೇಳದೆ ನಡೆಸುವ ಬೇರೆ ದಂಧೆ: ಇನ್‌ಸ್ಟಾಗ್ರಾಂನಲ್ಲಿ ಸೀರೆ ವ್ಯಾಪಾರ! ನನ್ನ ಹೆಸರೂ ನಮ್ಮನೆಯವರ ಹೆಸರೂ ಕರ್ನಾಟಕದಲ್ಲಿ ಬೀದಿಗೊಂದು ಸಿಗುವಂಥವು. ಎರಡನ್ನೂ ಸೇರಿಸಿ ಖಾತೆಗೆ ಇಟ್ಟುಕೊಂಡವರು ಎಷ್ಟು ಜನ ಇದ್ದಾರೋ. ಅವರಲ್ಲಿ ಒಬ್ಬರು ದಾವಣಗೆರೆ ಕಡೆಯವರು, ಮನೆಯಿಂದಲೇ ಇಳಕಲ್, ಮೊಳಕಾಲ್ಮೂರು ಸೀರೆ ಮಾರುತ್ತಾರೆ. ಬೆಲೆಗೆ ಡಿಎಂ ಮಾಡಿ, ಕೊರಿಯರ್ ಫ್ರೀ. ಇಂಥ ವ್ಯಾಪಾರದ ಖಾತೆಗಳ ಪೋಸ್ಟುಗಳು 2025ರ ಜುಲೈನಿಂದ ಗೂಗಲ್ ಹುಡುಕಾಟದಲ್ಲೂ ಸಿಗುತ್ತವೆ. ನನ್ನ ಹೆಸರು ಹಾಕಿ ಹುಡುಕಿದವರಿಗೆ ಅವರು ಸಿಕ್ಕಿದ್ದಾರೆ. ಮುಖ ನೋಡಿದ್ದರೆ ಸಾಕಿತ್ತು, ಬೇರೆಯವರು ಎಂದು ಗೊತ್ತಾಗುತ್ತಿತ್ತು. ಖಾತೆ ಹುಡುಕುವುದು ಸಾಫ್ಟ್‌ವೇರ್, ಅದರ ಮೇಲೆ ಒಬ್ಬರು ಕಣ್ಣಾಡಿಸುತ್ತಾರೆ ಎಂದು ಆಮೇಲೆ ಎಚ್‌ಆರ್ ಹೇಳಿದ. ಆ ಕಣ್ಣು ಅವತ್ತು ಎಲ್ಲಿತ್ತೋ.

ಉತ್ತರ ಬರೆಯೋದು ಕಷ್ಟವಾಗಲಿಲ್ಲ. ಸೀರೆ ಖಾತೆ ನನ್ನದಲ್ಲ, ಅದರಲ್ಲಿರುವ ಊರು, ಫೋನ್ ನಂಬರು, ಮುಖ ಯಾವುದೂ ನನ್ನದಲ್ಲ ಎಂದೆ. ಕಾಮೆಂಟ್ ನನ್ನದೇ, ಅದು ಒಂದು ಮಸೂದೆಯ ಬಗ್ಗೆ ಹಾಗೂ ಕಂಪನಿಗಳ ಬಗ್ಗೆ ಹೇಳಿದ್ದು, ಯಾವ ಜನರನ್ನೂ ಬೈದದ್ದಲ್ಲ, ನಿಮ್ಮದೇ ಒಪ್ಪಿಗೆ ಪತ್ರದ ಪ್ರಕಾರ ಇದು ಲೆಕ್ಕಕ್ಕೆ ಬರಬಾರದು ಎಂದೆ. ಕ್ಷಮೆ ಕೇಳಲಿಲ್ಲ. ಮೇಲ್ ಕಳಿಸುವ ಮುಂಚೆ ನಮ್ಮನೆಯವರು "ಒಂದು ಸಾರಿ ಸೇರಿಸು" ಎಂದರು. ಸೇರಿಸಲಿಲ್ಲ. ವರದಿ ತಿದ್ದಿ ಗ್ರೀನ್ ಆಗಿ ಬಂತು.

ನನ್ನನ್ನು ಯೋಚನೆಗೆ ಹಚ್ಚಿದ್ದು ಆ ವರದಿಯಲ್ಲಿ ಇಲ್ಲದಿದ್ದ ವಿಷಯಗಳು. ಮಗಳ ಫೋಟೊ ಇರಲಿಲ್ಲ. ಜಾತಿ, ಧರ್ಮ, ಮದುವೆ, ಹೆರಿಗೆ ಯಾವುದರ ಸುಳಿವೂ ಇರಲಿಲ್ಲ. ಅಂಥದ್ದು ಕಂಡರೂ ಏಜೆನ್ಸಿಯವರು ಮುಚ್ಚಿ ಕಳಿಸಬೇಕಂತೆ. ನನ್ನ ಮ್ಯಾನೇಜರಿಗೆ ಗುರುತು ಹಾಕಿದ ಪುಟ ಕೂಡ ಹೋಗಲ್ಲ, ಎಚ್‌ಆರ್‌ಗೆ ಮಾತ್ರ. ಇದೆಲ್ಲ ಯಾಕೆ ಎಂದರೆ "ಗ್ಲೋಬಲ್ ಪಾಲಿಸಿ ಮ್ಯಾಮ್" ಎಂಬ ಉತ್ತರ ಬಂತು. ಹಿಂದೆ ಇರುವುದು ಅವರ ದೇಶದ 1970ರ ಒಂದು ಕಾನೂನು. ಏಜೆನ್ಸಿಯ ವರದಿ ನೋಡಿ ಒಬ್ಬರಿಗೆ ಕೆಲಸ ನಿರಾಕರಿಸುವ ಮುಂಚೆ ಆ ವರದಿಯ ಪ್ರತಿ ಕೊಡಬೇಕು ಎನ್ನುತ್ತದೆ ಅದು. ತಪ್ಪಿದ್ದರೆ ತಕರಾರು ಎತ್ತುವ ಹಕ್ಕೂ ಇದೆ. ಸೋಶಿಯಲ್ ಮೀಡಿಯಾ ಜಾಲಾಡಿ ವರದಿ ಮಾರುವವರೂ ಇದೇ ಕಾನೂನಿನ ಕೆಳಗೆ ಬರುತ್ತಾರೆ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2011ರಲ್ಲಿ ಹೇಳಿತು. ಬೆಂಗಳೂರಿನ ನನಗೆ ಆ ಕಾನೂನು ಅನ್ವಯಿಸಲ್ಲ. ಎಲ್ಲ ದೇಶಕ್ಕೂ ಒಂದೇ ಪದ್ಧತಿ ಇಟ್ಟುಕೊಂಡಿದ್ದಾರೆ, ಅದರ ಲಾಭ ನನಗೂ ಸಿಕ್ಕಿತು. ಇಲ್ಲದಿದ್ದರೆ ಆ ಸೀರೆಗಳು ಇವತ್ತಿಗೂ ನನ್ನ ಹೆಸರಿನಲ್ಲೇ ಇರುತ್ತಿದ್ದವು.

ಮೊದಲ ಕಂಪನಿಯ ಎಚ್‌ಆರ್ ಮೇಡಂ ನೋಡಿದ್ದಕ್ಕೆ ಯಾವ ನಿಯಮವೂ ಇರಲಿಲ್ಲ. ಏನನ್ನು ಮುಚ್ಚಬೇಕೋ ಅದನ್ನೇ ಅವರು ಮೊದಲು ನೋಡಿದ್ದು. ಇದರ ಬಗ್ಗೆ ಓದಿದಾಗ ಸಿಕ್ಕ ಒಂದು ಪ್ರಯೋಗ ಹೇಳಲೇಬೇಕು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲೆಸ್ಸಾಂಡ್ರೊ ಅಕ್ವಿಸ್ಟಿ ಮತ್ತು ಕ್ರಿಸ್ಟಿನಾ ಫಾಂಗ್ ಅಮೆರಿಕದ 4,000ಕ್ಕೂ ಹೆಚ್ಚು ಉದ್ಯೋಗದಾತರಿಗೆ ಕಲ್ಪಿತ ಅರ್ಜಿ ಕಳಿಸಿದರು. ರೆಸ್ಯೂಮೆಯಲ್ಲಿ ಧರ್ಮದ ಸುಳಿವಿಲ್ಲ. ಹುಡುಕಿದರೆ ಮಾತ್ರ ಪ್ರೊಫೈಲ್‌ನಲ್ಲಿ ಕಾಣುವ ಹಾಗೆ ಇಟ್ಟರು. ದೇಶಪೂರ್ತಿ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ರಿಪಬ್ಲಿಕನ್ ಒಲವಿನ ಪ್ರದೇಶಗಳಲ್ಲಿ ಮುಸ್ಲಿಂ ಅಭ್ಯರ್ಥಿಗೆ ಬಂದ ಕರೆಗಳು ಕ್ರೈಸ್ತ ಅಭ್ಯರ್ಥಿಗಿಂತ ತೀರಾ ಕಡಿಮೆ. 2020ರಲ್ಲಿ ಇದು ಪ್ರಕಟವಾಯಿತು. ಅಲ್ಲಿ ಧರ್ಮ. ಇಲ್ಲಿ ಅದರ ಜೊತೆಗೆ ಜಾತಿ, ಭಾಷೆ, ಮಾಂಸ ತಿನ್ನೋದು, ಹೊಟ್ಟೆಯಲ್ಲಿರೋ ಮಗು ಎಲ್ಲ ಸೇರಿಸಿಕೊಳ್ಳಿ.

ಹೋಗಲಿ, ಹೀಗೆ ನೋಡಿದ್ದರಿಂದ ಒಳ್ಳೆ ಕೆಲಸಗಾರರಾದರೂ ಸಿಗ್ತಾರಾ? ಅದೂ ಇಲ್ಲ. 2016ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ಕೆಲಸ ಹುಡುಕುತ್ತಿದ್ದ ವಿದ್ಯಾರ್ಥಿಗಳ ಫೇಸ್‌ಬುಕ್ ನೋಡಿ ನೇಮಕಾತಿಯಲ್ಲಿ ಪಳಗಿದವರು ಅಂಕ ಕೊಟ್ಟರು. ಮುಂದೆ ಕೆಲಸದಲ್ಲಿ ಅವರ ಮೇಲಧಿಕಾರಿಗಳು ಕೊಟ್ಟ ಅಂಕಕ್ಕೂ ಇದಕ್ಕೂ ಏನೇನೂ ಸಂಬಂಧ ಇರಲಿಲ್ಲ. ನನ್ನ ವರದಿಯೂ ಅಷ್ಟೇ. ಅದರಲ್ಲಿ ಎಲ್ಲೂ ನಾನು ಟಿಡಿಎಸ್ ಸರಿಯಾಗಿ ಹಿಡಿಯುತ್ತೀನಾ ಎಂಬುದಕ್ಕೆ ಉತ್ತರ ಇರಲಿಲ್ಲ.

ನಮ್ಮ ದೇಶದ ಕಾನೂನು ಏನನ್ನುತ್ತದೆ ಎಂದು ವಕೀಲೆ ಗೆಳತಿಯನ್ನು ಕೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಆದರೆ ನಾವೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸಲ್ಲ ಎಂದು ಅದರಲ್ಲೇ ಬರೆದಿದೆ. "ಆದ್ರೆ ಸೀಮಂತದ ಆಲ್ಬಂ ಹಾಕಿದ್ದು ನೀನಲ್ವಲ್ಲ, ನಿನ್ನ ನಾದಿನಿ" ಎಂದಳು ಗೆಳತಿ, ಕಣ್ಣು ಮಿಟುಕಿಸಿ. ಹಾಗಾಗಿ ಆ ವಿನಾಯಿತಿ ಕಂಪನಿಗೆ ಸಿಗಬಾರದು ಎಂಬುದು ಅವಳ ವಾದ. ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ, ನನಗಂತೂ ಬಹಳ ಹಿಡಿಸಿತು.

ಕೆಲಸಕ್ಕೆ ಸೇರಿದ್ದೇನೆ. ಮಗಳ ವಿಷಯ ಮ್ಯಾನೇಜರಿಗೆ ನಾನೇ ಹೇಳಿದೆ, ಪ್ಲೇಹೋಮ್ ಬಿಡುವ ಹೊತ್ತಿಗೆ ಮೀಟಿಂಗ್ ಇಡಬೇಡಿ ಅನ್ನೋಕೆ. ದಾವಣಗೆರೆಯ ಆ ಸೀರೆ ಖಾತೆಯನ್ನು ಫಾಲೋ ಮಾಡಬೇಕು ಅಂತ ಆಸೆ, ಸೀರೆ ನಿಜಕ್ಕೂ ಚೆನ್ನಾಗಿವೆ. ಮಾಡಿದರೆ ಮುಂದಿನ ಬಿಜಿವಿಯವರಿಗೆ ಅದೇ ಸಾಕ್ಷಿಯಾಗಬಹುದು ಎಂದು ಸುಮ್ನೆ ಇದ್ದೇನೆ.

ಏಜೆನ್ಸಿಗೆ ಒಂದು ಮೇಲ್ ಬರೆದೆ. ನನ್ನ ಸ್ಕ್ರೀನ್‌ಶಾಟ್‌ಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂದು ಕೇಳಿದೆ. ಕಂಪನಿಯ ಜೊತೆಗಿನ ಒಪ್ಪಂದದ ಪ್ರಕಾರ ಎಂದು ಉತ್ತರಿಸಿದರು. ನಮ್ಮ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ನಮ್ಮ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕೂ ಸೇರಿ ಅದರ ಮುಖ್ಯ ಭಾಗ ಜಾರಿಗೆ ಬರೋದು ಹದಿನೆಂಟು ತಿಂಗಳ ಮೇಲೆ, ಅಂದರೆ 2027ರ ಮೇ ತಿಂಗಳಲ್ಲಿ. ಫೋನಿನಲ್ಲಿ ರಿಮೈಂಡರ್ ಹಾಕಿಟ್ಟಿದ್ದೇನೆ, ಆಗ ಇವರಿಗೆ ಇನ್ನೊಂದು ಮೇಲ್ ಹೋಗುತ್ತದೆ. ಮೊದಲ ಕಂಪನಿಗೂ ಬರೆಯೋಣ ಅಂದುಕೊಂಡೆ. ಬರೆದು ಏನನ್ನು ಅಳಿಸಿ ಅನ್ನಲಿ? ಅವರು ನೋಡಿದ್ದಕ್ಕೆ ಒಂದು ಚೀಟಿಯೂ ಇಲ್ಲ.